ಎಣಿಕೆಗೆ ಬಾರದ ಪೊಟ್ಟಣ: ಅಂಚೆ ದರ, ಆಮದು ಸುಂಕ ಮತ್ತು ಕಡಲಾಚೆಯ ಅಗ್ಗದ ಖರೀದಿಯ ಚರಿತ್ರೆ

ಇಪ್ಪತ್ತೊಂದನೆಯ ಶತಮಾನದ ಎರಡನೆಯ ದಶಕದಲ್ಲಿ ವಿಚಿತ್ರವಾದ ಒಂದು ಸಂಗತಿ ವಾಣಿಜ್ಯ ವಲಯದ ಗಮನವನ್ನು ಸೆಳೆಯಿತು. ಒಂದು ಪೌಂಡ್ ತೂಕದ ಪೊಟ್ಟಣವನ್ನು ಅಮೆರಿಕದ ದಕ್ಷಿಣ ಕ್ಯಾರೊಲಿನಾದಿಂದ ನ್ಯೂಯಾರ್ಕಿಗೆ ಕಳುಹಿಸಲು ಸುಮಾರು 6 ಡಾಲರ್ ತಗಲುತ್ತಿದ್ದರೆ, ಅದೇ ತೂಕದ ಪೊಟ್ಟಣ ಚೀನದಿಂದ ಪೆಸಿಫಿಕ್ ಸಾಗರವನ್ನು ದಾಟಿ ನ್ಯೂಯಾರ್ಕನ್ನು ತಲುಪಲು 4 ಡಾಲರಿಗಿಂತಲೂ ಕಡಿಮೆ ಸಾಕಾಗುತ್ತಿತ್ತು. ಅಮೆಜಾನ್ ಕಂಪನಿಯ ಪ್ರತಿನಿಧಿಯೊಬ್ಬರು 2015ರಲ್ಲಿ ಅಮೆರಿಕದ ಸಂಸದೀಯ ಸಮಿತಿಯ ಮುಂದೆ ಈ ಹೋಲಿಕೆಯನ್ನು ಮಂಡಿಸಿದರು. ಹೀಗೆ ಬಂದ ಪೊಟ್ಟಣಕ್ಕೆ ಸಾಮಾನ್ಯವಾಗಿ ಆಮದು ಸುಂಕವೂ ಇರುತ್ತಿರಲಿಲ್ಲ. ಅಂತರಜಾಲದ ಮೂಲಕ ಕಡಲಾಚೆಯಿಂದ ಅಗ್ಗದ ಸಾಮಾನುಗಳನ್ನು ತರಿಸಿಕೊಳ್ಳುವ ಪದ್ಧತಿ ಜಗತ್ತಿನಾದ್ಯಂತ ಹಬ್ಬಿದ್ದಕ್ಕೆ ಚೀನದ ಅಗ್ಗದ ದುಡಿಮೆ ಮತ್ತು ಗಣಕಯಂತ್ರದ ತಂತ್ರಜ್ಞಾನ ಇವೆರಡನ್ನೇ ಕಾರಣವಾಗಿ ಹೇಳುವುದು ರೂಢಿ. ಅವುಗಳ ಪಾತ್ರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಪದ್ಧತಿ ನಿಂತ ನೆಲಗಟ್ಟು ಅಂತರಜಾಲಕ್ಕಿಂತ ಬಹಳ ಹಳೆಯದು. ಹತ್ತೊಂಬತ್ತನೆಯ ಶತಮಾನದ ಅಂಚೆಯವರು ಮಾಡಿಕೊಂಡ ಒಂದು ಒಪ್ಪಂದ ಮತ್ತು ಇಪ್ಪತ್ತನೆಯ ಶತಮಾನದ ಸುಂಕದವರು ಕೊಟ್ಟ ಒಂದು ವಿನಾಯಿತಿ ಅದಕ್ಕೆ ಆಧಾರವಾಗಿದ್ದವು. ಇವೆರಡರ ತರ್ಕವೂ ಒಂದೇ. ಎಣಿಸಿ ವಸೂಲು ಮಾಡುವ ಖರ್ಚು ವಸೂಲಾಗುವ ಹಣಕ್ಕಿಂತ ಹೆಚ್ಚಾಗುವುದಾದರೆ ಎಣಿಸದೆ ಬಿಡುವುದೇ ಲೇಸು ಎಂಬುದು ಆ ತರ್ಕ.

ಮೊದಲು ಅಂಚೆಯ ಒಪ್ಪಂದವನ್ನು ನೋಡಬಹುದು. 1874ಕ್ಕೆ ಮುಂಚೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗುವ ಕಾಗದದ ದರವನ್ನು ದೇಶ ದೇಶಗಳ ನಡುವಣ ಪ್ರತ್ಯೇಕ ಒಡಂಬಡಿಕೆಗಳು ನಿರ್ಧರಿಸುತ್ತಿದ್ದವು. ದಾರಿಯಲ್ಲಿ ಸಿಗುವ ಪ್ರತಿಯೊಂದು ರಾಜ್ಯಕ್ಕೂ ಪಾಲು ಹಂಚಬೇಕಾಗಿದ್ದುದರಿಂದ ಲೆಕ್ಕಪತ್ರದ ಕೆಲಸವೇ ಅಂಚೆಯ ಕೆಲಸವನ್ನು ಮೀರಿ ಬೆಳೆದಿತ್ತು. ಜರ್ಮನಿಯ ಅಂಚೆಯ ಮುಖ್ಯಾಧಿಕಾರಿ ಹೈನ್ರಿಕ್ ಫಾನ್ ಸ್ಟೀಫನ್ ಅವರ ಮುಂದಾಳತ್ವದಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ 1874ರ ಅಕ್ಟೋಬರ್ 9ರಂದು ಸಹಿಯಾದ ಒಪ್ಪಂದ ಈ ಗೋಜನ್ನು ಒಂದೇ ಏಟಿಗೆ ಕತ್ತರಿಸಿತು. ಕಾಗದವನ್ನು ಕಳುಹಿಸುವ ದೇಶ ಅಂಚೆಚೀಟಿಯ ಹಣವನ್ನು ಪೂರ್ತಿಯಾಗಿ ತಾನೇ ಇಟ್ಟುಕೊಳ್ಳತಕ್ಕದ್ದು. ತಲುಪಿಸುವ ದೇಶ ಏನನ್ನೂ ಕೇಳದೆ ಬಟವಾಡೆ ಮಾಡತಕ್ಕದ್ದು. ನಡುವಣ ದೇಶಗಳಿಗೆ ಮಾತ್ರ ಸಾಗಣೆಯ ವೆಚ್ಚ ಸಲ್ಲತಕ್ಕದ್ದು. ಹೋದ ಕಾಗದಕ್ಕೆ ಉತ್ತರ ಬಂದೇ ಬರುತ್ತದೆ, ಆದ್ದರಿಂದ ಎರಡೂ ಕಡೆಯ ಹೊರೆ ಸರಿಸುಮಾರು ಸಮನಾಗುತ್ತದೆ ಎಂಬ ನಂಬಿಕೆ ಈ ನಿಯಮದ ಹಿಂದಿತ್ತು. ಬ್ರಿಟಿಷ್ ಇಂಡಿಯಾ 1876ರಲ್ಲಿ ಈ ಕೂಟವನ್ನು ಸೇರಿತು. ಆಗ ಮೈಸೂರು ಸಂಸ್ಥಾನದಲ್ಲಿ ತನ್ನದೇ ಆದ ಅಂಚೆ ವ್ಯವಸ್ಥೆ ಇನ್ನೂ ಜೀವಂತವಾಗಿತ್ತು. ಅದು ಬ್ರಿಟಿಷ್ ಅಂಚೆಯಲ್ಲಿ ವಿಲೀನವಾದದ್ದು 1889ರಲ್ಲಿ.

ಉತ್ತರ ಬಂದೇ ಬರುತ್ತದೆ ಎಂಬ ಮಾತು ಕಾಗದಕ್ಕೆ ಸಲ್ಲುತ್ತದೆ, ಸರಕಿಗೆ ಸಲ್ಲುವುದಿಲ್ಲ. ಲಂಡನ್ನಿನ ವ್ಯಾಪಾರಿಯೊಬ್ಬ ಕಳುಹಿಸಿದ ದರಪಟ್ಟಿಯ ಪುಸ್ತಕಕ್ಕೆ ಪ್ರತಿಯಾಗಿ ಮದರಾಸಿನಿಂದ ದರಪಟ್ಟಿ ಹೋಗುವುದಿಲ್ಲ. ನಿಯತಕಾಲಿಕಗಳು, ಮುದ್ರಿತ ಪುಸ್ತಕಗಳು, ಮಾದರಿ ಸರಕುಗಳು ಸಾಮ್ರಾಜ್ಯದ ಕೇಂದ್ರಗಳಿಂದ ಅಂಚುಗಳತ್ತ ಹರಿಯುತ್ತಿದ್ದವು. ಅವುಗಳನ್ನು ಹೊತ್ತು ಮನೆಮನೆಗೆ ಮುಟ್ಟಿಸುವ ಹೊಣೆ ವಸಾಹತುಗಳ ಅಂಚೆಯ ಮೇಲೆ ಬೀಳುತ್ತಿತ್ತು. ಶ್ರೀಮಂತ ದೇಶಗಳ ಅಂಚೆ ಇಲಾಖೆಗಳು ಮುಂದೆ ಒಂದು ಶತಮಾನದ ನಂತರ ಯಾವ ಅನ್ಯಾಯದ ಬಗ್ಗೆ ದೂರಿದವೋ ಅದೇ ಅನ್ಯಾಯ ಬಹುಕಾಲ ಬಡದೇಶಗಳ ಪಾಲಿಗಿತ್ತು ಎಂಬುದನ್ನು ಈ ವಿಷಯದ ಚರ್ಚೆಗಳು ಬಹುಮಟ್ಟಿಗೆ ಮರೆತಿವೆ. ಹೊಸದಾಗಿ ಸ್ವತಂತ್ರವಾದ ದೇಶಗಳು ಕೂಟದಲ್ಲಿ ಬಹುಸಂಖ್ಯಾತವಾದ ಮೇಲೆ, 1969ರ ಟೋಕಿಯೊ ಅಧಿವೇಶನದಲ್ಲಿ ಬಟವಾಡೆಯ ಪ್ರತಿಫಲವನ್ನು ಮೊದಲ ಬಾರಿಗೆ ಒಪ್ಪಿಕೊಳ್ಳಲಾಯಿತು. ಬಂದ ಅಂಚೆ ಹೋದ ಅಂಚೆಗಿಂತ ಹೆಚ್ಚಾದರೆ ಆ ಹೆಚ್ಚುವರಿಗೆ ಕಿಲೋಗ್ರಾಮಿಗೆ ಇಷ್ಟು ಎಂದು ಕಳುಹಿಸಿದ ದೇಶ ತಲುಪಿಸಿದ ದೇಶಕ್ಕೆ ಕೊಡಬೇಕಾಯಿತು. ಈ ಬಟವಾಡೆ ಶುಲ್ಕ 1971ರಿಂದ ಜಾರಿಗೆ ಬಂತು. ಮುಂದೆ 1999ರ ಬೀಜಿಂಗ್ ಅಧಿವೇಶನದ ನಿರ್ಣಯದಂತೆ ಮುಂದುವರಿದ ದೇಶಗಳು ತಮ್ಮತಮ್ಮಲ್ಲಿ ಹೆಚ್ಚಿನ ದರವನ್ನೂ, ಹಿಂದುಳಿದ ದೇಶಗಳು ಕಡಿಮೆ ದರವನ್ನೂ ಕೊಡುವ ವರ್ಗೀಕರಣ ನೆಲೆಗೊಂಡಿತು. ಬಡದೇಶದ ಪ್ರಜೆ ಶ್ರೀಮಂತ ದೇಶಕ್ಕೆ ಕಾಗದ ಬರೆಯಲು ಆ ಶ್ರೀಮಂತ ದೇಶದ ಕೂಲಿಯ ಮಟ್ಟದಲ್ಲಿ ಹಣ ತೆರಬಾರದು ಎಂಬ ನ್ಯಾಯಬುದ್ಧಿ ಅದರಲ್ಲಿತ್ತು. ಆ ವರ್ಗೀಕರಣದಲ್ಲಿ ಚೀನ ಹಿಂದುಳಿದ ದೇಶಗಳ ಸಾಲಿನಲ್ಲಿತ್ತು. 2 ಕಿಲೋಗ್ರಾಮಿನವರೆಗಿನ ಸಣ್ಣ ಪೊಟ್ಟಣ ಪಾರ್ಸೆಲ್ ಆಗದೆ ಕಾಗದದ ವರ್ಗಕ್ಕೇ ಸೇರುತ್ತಿತ್ತು. ಈ ಎರಡು ಸಂಗತಿಗಳು ಕೂಡಿಕೊಂಡಾಗ ಏನಾಗಬಹುದೆಂಬುದನ್ನು 1999ರಲ್ಲಿ ಯಾರೂ ಊಹಿಸಿದಂತೆ ತೋರುವುದಿಲ್ಲ.

ಇನ್ನು ಸುಂಕದ ಕಡೆಗೆ ಬರಬಹುದು. ಕಡಲಾಚೆಯಿಂದ ಅಂಚೆಯ ಮೂಲಕ ಸಾಮಾನು ತರಿಸುವ ಪದ್ಧತಿ ಭಾರತಕ್ಕೆ ಹೊಸದೇನೂ ಅಲ್ಲ. ಸರಕನ್ನು ಕೈಗಿತ್ತು ಹಣ ಪಡೆಯುವ ವಿ.ಪಿ. ಪದ್ಧತಿಯನ್ನು ಭಾರತೀಯ ಅಂಚೆ 1877ರಲ್ಲಿ ಆರಂಭಿಸಿತು. ಲ್ಯಾಂಕಾಶೈರಿನ ಗಿರಣಿಗಳ ಒತ್ತಾಯಕ್ಕೆ ಮಣಿದ ಭಾರತ ಸರ್ಕಾರ 1882ರಲ್ಲಿ ಉಪ್ಪು, ಮದ್ಯ ಮೊದಲಾದ ಕೆಲವನ್ನುಳಿದು ಉಳಿದೆಲ್ಲ ಆಮದು ಸುಂಕವನ್ನು ತೆಗೆದುಹಾಕಿತು; ಶೇ. 5ರ ಸಾಮಾನ್ಯ ಸುಂಕ ಮರಳಿದ್ದು 1894ರಲ್ಲಿ. ಈ ನಡುವಣ ಹನ್ನೆರಡು ವರ್ಷಗಳ ಅವಧಿಯಲ್ಲಿ ಇಂಗ್ಲೆಂಡಿನ ದರಪಟ್ಟಿಯನ್ನು ನೋಡಿ ಬೂಟನ್ನೋ ಗಡಿಯಾರವನ್ನೋ ತರಿಸಿಕೊಂಡವರಿಗೆ ಸುಂಕದ ಕಾಟವಿರಲಿಲ್ಲ. ಆದರೆ ಅದು ಮೇಲುವರ್ಗದ ವಿಲಾಸವಾಗಿತ್ತೇ ಹೊರತು ಜನಸಾಮಾನ್ಯರ ಖರೀದಿಯಾಗಿರಲಿಲ್ಲ. ಸ್ವತಂತ್ರ ಭಾರತದ 1962ರ ಕಸ್ಟಮ್ಸ್ ಕಾಯಿದೆ ಅಂಚೆಯ ಸರಕಿಗೆಂದೇ ಪ್ರತ್ಯೇಕ ಕಲಮುಗಳನ್ನು ಇರಿಸಿತು. ಪೊಟ್ಟಣದ ಮೇಲೆ ಅಂಟಿಸಿದ ಚೀಟಿಯನ್ನೇ ಆಮದು ಅಥವಾ ರಫ್ತಿನ ಘೋಷಣೆಯೆಂದು ಭಾವಿಸತಕ್ಕದ್ದು ಎಂದು ಅದರ 82ನೆಯ ಕಲಮು ಹೇಳಿತು. ಹಡಗಿನ ಸರಕಿಗೆ ಬೇಕಾಗುವ ದಾಖಲೆಗಳ ಕಟ್ಟಿಗೆ ಬದಲಾಗಿ ಇಲ್ಲಿ ಅಂಗೈಯಗಲದ ಒಂದು ಹಸಿರು ಚೀಟಿ ಸಾಕಾಗುತ್ತಿತ್ತು. ವಿದೇಶಿ ಅಂಚೆ ಕಚೇರಿಯಲ್ಲಿ ಅಧಿಕಾರಿಗಳು ಸುಂಕವನ್ನು ನಿಗದಿ ಮಾಡಿದರೆ, ಅಂಚೆಯಣ್ಣ ಬಾಗಿಲಿನಲ್ಲಿ ಅದನ್ನು ವಸೂಲು ಮಾಡಿ ಪೊಟ್ಟಣವನ್ನು ಕೈಗೀಯುತ್ತಿದ್ದ.

ಸಣ್ಣ ಮೌಲ್ಯದ ಸರಕಿಗೆ ಸುಂಕವನ್ನೇ ಬಿಟ್ಟುಕೊಡುವ ನಿಯಮಕ್ಕೆ ಪ್ರಸಿದ್ಧವಾದ ಉದಾಹರಣೆ ಅಮೆರಿಕದ್ದು. ಅಲ್ಲಿಯ 1930ರ ಸುಂಕ ಕಾಯಿದೆಗೆ 1938ರಲ್ಲಿ ಸೇರಿಸಿದ 321ನೆಯ ಕಲಮು, ಉಡುಗೊರೆಯಾದರೆ 5 ಡಾಲರ್, ಇತರ ಸರಕಾದರೆ 1 ಡಾಲರ್ ಮೌಲ್ಯದವರೆಗೆ ಸುಂಕವಿಲ್ಲವೆಂದು ವಿಧಿಸಿತು. ವಸೂಲಿಯ ಖರ್ಚು ಮತ್ತು ತೊಂದರೆ ಆದಾಯಕ್ಕೆ ತಕ್ಕುದಲ್ಲ ಎಂಬ ಕಾರಣವನ್ನು ಕಾಯಿದೆಯೇ ಹೇಳಿತ್ತು. ಈ ಮಿತಿ 1978ರಲ್ಲಿ 5 ಡಾಲರಿಗೆ, 1993ರ ಶಾಸನದಿಂದ 200 ಡಾಲರಿಗೆ, 2016ರಲ್ಲಿ 800 ಡಾಲರಿಗೆ ಏರಿತು. ಕೊನೆಯ ಏರಿಕೆಯನ್ನು ಹಣದುಬ್ಬರದಿಂದ ಸಮರ್ಥಿಸಲಾಗದು. ಇಲ್ಲಿ ನಿಯಮದ ಅರ್ಥವೇ ಪಲ್ಲಟವಾಯಿತು. ಸುಂಕದ ಕಚೇರಿಯ ಅನುಕೂಲಕ್ಕೆಂದು ಹುಟ್ಟಿದ್ದು ವ್ಯಾಪಾರದ ಅನುಕೂಲವಾಗಿ ಮಾರ್ಪಟ್ಟಿತು.

ಕನ್ನಡ ಶಾಸನಗಳನ್ನು ಬಲ್ಲವರಿಗೆ ಈ ದೊಡ್ಡದು ಚಿಕ್ಕದರ ವಿಂಗಡಣೆ ಪರಿಚಿತವೇ. ಹೇರುಗಟ್ಟಲೆ ಸಾಗುವ ಮುಖ್ಯ ಸರಕಿನ ಮೇಲಣ ತೆರಿಗೆ ಪೆರ್ಜುಂಕ ಅಥವಾ ಹೆಜ್ಜುಂಕ. ಚಿಲ್ಲರೆ ಸರಕಿನ ಮೇಲಣ ಸಣ್ಣ ತೆರಿಗೆ ಕಿರುಕುಳ. ಕಿರುಕುಳ ಎಂಬ ಮಾತಿಗೆ ಇಂದಿನ ಕನ್ನಡದಲ್ಲಿ ಉಳಿದಿರುವ ಅರ್ಥವನ್ನು ನೆನೆದರೆ, ಚಿಲ್ಲರೆ ಸರಕಿನ ಸುಂಕ ಕೊಡುವವನಿಗೂ ವಸೂಲು ಮಾಡುವವನಿಗೂ ಹೇಗಿರುತ್ತದೆಂಬುದನ್ನು ಬೇರೆ ವಿವರಿಸಬೇಕಾಗಿಲ್ಲ.

ಈ ವಿನಾಯಿತಿಯ ಸಾಮರ್ಥ್ಯ ಚೀನಕ್ಕೆ ಮುಂಚೆಯೇ ಪ್ರಕಟವಾದ ಒಂದು ಪ್ರಸಂಗವಿದೆ. ಇಂಗ್ಲಿಷ್ ಕಡಲ್ಗಾಲುವೆಯ ಜರ್ಸಿ ಮತ್ತು ಗರ್ನ್ಸಿ ದ್ವೀಪಗಳು ಬ್ರಿಟಿಷ್ ದೊರೆತನಕ್ಕೆ ಒಳಪಟ್ಟಿದ್ದರೂ ಐರೋಪ್ಯ ಒಕ್ಕೂಟದ ಮೌಲ್ಯವರ್ಧಿತ ತೆರಿಗೆಯ ವಲಯದಿಂದ ಹೊರಗಿದ್ದವು. ಹೊರಗಿನಿಂದ ಬರುವ ಸಣ್ಣ ಮೌಲ್ಯದ ಸರಕಿಗೆ ತೆರಿಗೆ ವಿನಾಯಿತಿ ನೀಡಲು 1983ರ ಐರೋಪ್ಯ ನಿರ್ದೇಶನ ಅವಕಾಶ ಕೊಟ್ಟಿತ್ತು. ಬ್ರಿಟನ್ನಿನಲ್ಲಿ ಆ ಮಿತಿ 18 ಪೌಂಡ್ ಆಗಿತ್ತು. ಹಾಡಿನ ಮತ್ತು ಚಲನಚಿತ್ರದ ಅಡಕ ತಟ್ಟೆಗಳು ಈ ಮಿತಿಯೊಳಗೆ ಹಾಯಾಗಿ ಕೂರುತ್ತಿದ್ದವು. ಬ್ರಿಟನ್ನಿನಿಂದ ರಾಶಿರಾಶಿಯಾಗಿ ದ್ವೀಪಗಳಿಗೆ ಹೋದ ತಟ್ಟೆಗಳು ಅಲ್ಲಿಂದ ಒಂದೊಂದಾಗಿ ಅಂಚೆಯ ಮೂಲಕ ಬ್ರಿಟನ್ನಿನ ಗಿರಾಕಿಗಳಿಗೇ ಮರಳುತ್ತಿದ್ದವು. ಪ್ಲೇ ಡಾಟ್ ಕಾಮ್ ಎಂಬ ಮಳಿಗೆ ಜರ್ಸಿಯಲ್ಲಿ ಬೆಳೆದದ್ದು ಹೀಗೆ. ಬ್ರಿಟನ್ನಿನ ದೊಡ್ಡ ಮಳಿಗೆಗಳೂ ಇದೇ ದಾರಿಯನ್ನು ಹಿಡಿದವು. ಊರೂರಿನ ಹಾಡಿನ ತಟ್ಟೆಯ ಅಂಗಡಿಗಳು ಶೇ. 20ರ ಸಮೀಪದ ತೆರಿಗೆಯನ್ನು ಕಟ್ಟಿ ಪೈಪೋಟಿ ನಡೆಸಲಾರದೆ ದೂರಿದವು. ಸರ್ಕಾರ 2011ರ ನವೆಂಬರಿನಲ್ಲಿ ಮಿತಿಯನ್ನು 15 ಪೌಂಡಿಗೆ ಇಳಿಸಿ, 2012ರ ಏಪ್ರಿಲ್ 1ರಿಂದ ಈ ದ್ವೀಪಗಳ ಅಂಚೆ ವ್ಯಾಪಾರಕ್ಕೆ ವಿನಾಯಿತಿಯನ್ನು ಪೂರ್ತಿಯಾಗಿ ರದ್ದುಗೊಳಿಸಿತು. ಈ ಪ್ರಸಂಗದಲ್ಲಿ ಅಗ್ಗದ ಕಾರ್ಖಾನೆಯೂ ಇರಲಿಲ್ಲ, ಅಗ್ಗದ ಕೂಲಿಯೂ ಇರಲಿಲ್ಲ. ಇದ್ದದ್ದು ಅಂಚೆ ಮತ್ತು ವಿನಾಯಿತಿ ಮಾತ್ರ. ಕಡಲಾಚೆಯ ಅಗ್ಗದ ಖರೀದಿಯ ಬೇರು ಎಲ್ಲಿದೆಯೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ಸಿಗಲಾರದು.

ಚೀನದ ಪ್ರಕರಣದಲ್ಲಿ ಇದೇ ಕಥೆ ಸಹಸ್ರಪಾಲು ಹಿಗ್ಗಿತು. ಅಮೆರಿಕದ ಅಂಚೆ ಇಲಾಖೆ 2010ರ ಸುಮಾರಿಗೆ ಚೀನದ ಅಂಚೆಯೊಡನೆ ಮಾಡಿಕೊಂಡ ಇ-ಪ್ಯಾಕೆಟ್ ಒಪ್ಪಂದದಿಂದ ಸಣ್ಣ ಪೊಟ್ಟಣದ ಜಾಡನ್ನು ತಿಳಿಯುವ ಸೌಲಭ್ಯವೂ ಅಗ್ಗದ ದರದಲ್ಲಿ ಒದಗಿತು. ಒಂದು ಕಡೆ ಬಟವಾಡೆಯ ದರ ಹಿಂದುಳಿದ ದೇಶದ್ದು, ಇನ್ನೊಂದು ಕಡೆ 2016ರಿಂದ 800 ಡಾಲರಿನವರೆಗೆ ಸುಂಕವಿಲ್ಲ. ವಿನಾಯಿತಿಯಡಿ ಅಮೆರಿಕವನ್ನು ಪ್ರವೇಶಿಸಿದ ಪೊಟ್ಟಣಗಳ ಸಂಖ್ಯೆ 2015ರ ಆರ್ಥಿಕ ವರ್ಷದಲ್ಲಿ ಸುಮಾರು 13.9 ಕೋಟಿ ಇದ್ದದ್ದು 2024ರಲ್ಲಿ ಸುಮಾರು 136 ಕೋಟಿಗೆ ಮುಟ್ಟಿತು. ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಚೀನದಿಂದ ಬಂದವು. ಎಣಿಸುವುದಕ್ಕೆ ಯೋಗ್ಯವಲ್ಲವೆಂದು ಬಿಟ್ಟದ್ದು ದಿನಕ್ಕೆ 40 ಲಕ್ಷದ ಹತ್ತಿರ ಬಂದು ನಿಂತಿತ್ತು.

ಅಮೆರಿಕ ಮೊದಲು ಪ್ರಹಾರ ಮಾಡಿದ್ದು ಅಂಚೆ ದರದ ಮೇಲೆ. ವಿಶ್ವ ಅಂಚೆ ಒಕ್ಕೂಟದಿಂದ ಹೊರನಡೆಯುವ ನೋಟೀಸನ್ನು 2018ರ ಅಕ್ಟೋಬರ್ 17ರಂದು ಅದು ಕೊಟ್ಟಿತು. ನಿಯಮದ ಪ್ರಕಾರ ಒಂದು ವರ್ಷದ ನಂತರ ಅದು ಜಾರಿಗೆ ಬರಬೇಕಾಗಿತ್ತು. ಒಕ್ಕೂಟದ ಚರಿತ್ರೆಯಲ್ಲಿ ಮೂರನೆಯದಾದ ವಿಶೇಷ ಅಧಿವೇಶನ 2019ರ ಸೆಪ್ಟೆಂಬರಿನಲ್ಲಿ ಜಿನೀವಾದಲ್ಲಿ ಸೇರಿ ಸರ್ವಾನುಮತದ ರಾಜಿಯೊಂದಕ್ಕೆ ಬಂತು. ವರ್ಷಕ್ಕೆ 75,000 ಟನ್ನಿಗಿಂತ ಹೆಚ್ಚು ಅಂಚೆ ಬರುವ ದೇಶ 2020ರ ಜುಲೈನಿಂದಲೇ ತನ್ನ ಬಟವಾಡೆ ದರವನ್ನು ತಾನೇ ಘೋಷಿಸಬಹುದು, ಉಳಿದವು ಹಂತಹಂತವಾಗಿ ಹಾಗೆ ಮಾಡಬಹುದು ಎಂದಾಯಿತು. ಆ ತೂಕದ ಮಾನದಂಡವನ್ನು ಯಾರನ್ನು ಮನಸ್ಸಿನಲ್ಲಿಟ್ಟು ರೂಪಿಸಲಾಯಿತೆಂಬುದು ಗುಟ್ಟೇನಲ್ಲ. 145 ವರ್ಷಗಳ ಹಿಂದೆ ಬರ್ನ್‌ನಲ್ಲಿ ಒಪ್ಪಿಕೊಂಡ ಪರಸ್ಪರತೆಯ ತತ್ತ್ವ ಸರಕಿನ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಆದರೆ ಅಗ್ಗದ ಖರೀದಿ ಮುಗಿಯಲಿಲ್ಲ. ಅಂಚೆ ದರ ಏರಿದ ಮೇಲೂ ಪೊಟ್ಟಣಗಳ ಸಂಖ್ಯೆ ಇಮ್ಮಡಿಸಿತು. ಶೀಇನ್ ಕಂಪನಿಯೂ 2022ರಲ್ಲಿ ಅಮೆರಿಕದಲ್ಲಿ ಆರಂಭವಾದ ಟೆಮು ಮಳಿಗೆಯೂ ಅಂಚೆಯನ್ನು ಹೆಚ್ಚಾಗಿ ಅವಲಂಬಿಸದೆ ವಿಮಾನಗಳಲ್ಲಿ ಸಗಟಾಗಿ ಸರಕನ್ನು ತಂದು ಖಾಸಗಿ ಬಟವಾಡೆದಾರರಿಗೆ ಒಪ್ಪಿಸಿದವು. ಅವಕ್ಕೆ ಬೇಕಾಗಿದ್ದದ್ದು ಸುಂಕದ ವಿನಾಯಿತಿ. ಅದು ಹಾಗೆಯೇ ಉಳಿದಿತ್ತು. ಇಷ್ಟೇ ಅಲ್ಲ, 2018ರಿಂದ ಚೀನದ ಸರಕಿನ ಮೇಲೆ ಅಮೆರಿಕ ಹೇರಿದ ಹೆಚ್ಚುವರಿ ಸುಂಕಗಳೇ ವಿನಾಯಿತಿಯ ಬೆಲೆಯನ್ನು ಹೆಚ್ಚಿಸಿದವು. ಸುಂಕ ಶೇ. 5 ಇದ್ದಾಗ ವಿನಾಯಿತಿಯಿಂದ ಉಳಿಯುವುದು ಶೇ. 5; ಸುಂಕ ಶೇ. 25 ಆದಾಗ ಉಳಿಯುವುದು ಶೇ. 25. ಹಡಗಿನಲ್ಲಿ ಸಗಟು ತರಿಸಿ ಸುಂಕ ಕಟ್ಟಿ ಅಂಗಡಿಯಲ್ಲಿ ಮಾರುವವನಿಗೆ ಪೆಟ್ಟು ಬಿತ್ತು, ಒಂದೊಂದೇ ಅಂಗಿಯನ್ನು ಪೊಟ್ಟಣ ಕಟ್ಟಿ ಕಳುಹಿಸುವವನಿಗೆ ಲಾಭವಾಯಿತು. ಎತ್ತರಿಸಿದ ಕಟ್ಟೆಯ ಪಕ್ಕದಲ್ಲೇ ತೂಬನ್ನು ತೆರೆದಿಟ್ಟಂತಾಯಿತು.

ಇತರ ದೇಶಗಳು ಬೇರೆ ದಾರಿಗಳನ್ನು ಹುಡುಕಿದವು. ಆಸ್ಟ್ರೇಲಿಯ 1,000 ಡಾಲರಿನೊಳಗಿನ ಸರಕಿನ ತೆರಿಗೆಯನ್ನು ಗಡಿಯಲ್ಲಿ ವಸೂಲು ಮಾಡುವ ಆಸೆಯನ್ನು ಬಿಟ್ಟು, 2018ರ ಜುಲೈನಿಂದ ವಿದೇಶಿ ಮಾರಾಟಗಾರರೇ ಅದನ್ನು ಸಂಗ್ರಹಿಸಿ ಕಟ್ಟುವಂತೆ ಮಾಡಿತು. ಐರೋಪ್ಯ ಒಕ್ಕೂಟ 2021ರ ಜುಲೈನಲ್ಲಿ 22 ಯೂರೊವರೆಗಿನ ತೆರಿಗೆ ವಿನಾಯಿತಿಯನ್ನು ಕೈಬಿಟ್ಟಿತು. 150 ಯೂರೊವರೆಗಿನ ಸುಂಕ ವಿನಾಯಿತಿಗೂ ಕೊನೆ ಹಾಡಲು, ಅಲ್ಲಿಯವರೆಗೆ 2026ರ ಜುಲೈ 1ರಿಂದ ಸಣ್ಣ ಸರಕಿಗೆ 3 ಯೂರೊ ಸುಂಕ ವಿಧಿಸಲು ಅಲ್ಲಿಯ ಸಚಿವರು 2025ರ ಕೊನೆಗೆ ಒಪ್ಪಿದರು. ಭಾರತದ ಸಮಸ್ಯೆ ಉಡುಗೊರೆಯ ರೂಪದಲ್ಲಿ ಬಂತು. ಚೀನದ ಮಳಿಗೆಗಳಿಂದ ಕೊಂಡ ಸರಕುಗಳು ಉಡುಗೊರೆ ಎಂಬ ಘೋಷಣೆಯನ್ನು ಹೊತ್ತು ಬರತೊಡಗಿದಾಗ, 2019ರ ಡಿಸೆಂಬರ್ 12ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಸುಂಕ ಕಟ್ಟದೆ ಉಡುಗೊರೆಯಾಗಿ ಸರಕು ತರಿಸುವುದನ್ನೇ ನಿಷೇಧಿಸಿತು. ಎರಡಕ್ಕೆ ಮಾತ್ರ ರಿಯಾಯಿತಿ ದೊರೆಯಿತು: ಜೀವರಕ್ಷಕ ಔಷಧ ಮತ್ತು ರಾಖಿ. ರಾಖಿಯ ಜೊತೆಗೆ ಬರುವ ಉಡುಗೊರೆಗೆ ರಿಯಾಯಿತಿ ಇಲ್ಲವೆಂದೂ ಆಜ್ಞೆಯಲ್ಲಿ ಸ್ಪಷ್ಟಪಡಿಸಲಾಗಿತ್ತು! ಮರುವರ್ಷ ಜೂನ್ 29ರಂದು ನಿಷೇಧಕ್ಕೊಳಗಾದ ಚೀನದ 59 ತಂತ್ರಾಂಶಗಳಲ್ಲಿ ಶೀಇನ್, ಕ್ಲಬ್ ಫ್ಯಾಕ್ಟರಿ ಎಂಬ ಮಳಿಗೆಗಳೂ ಇದ್ದವು. ಭಾರತದ ಮಟ್ಟಿಗೆ ಈ ಹರಿವು ಅಲ್ಲಿಗೆ ಬಹುಪಾಲು ಬತ್ತಿತು.

ಅಮೆರಿಕ ಮಾತ್ರ ವಿನಾಯಿತಿಯನ್ನು ಮುಟ್ಟಲು 2025ರವರೆಗೆ ಕಾದು, ಮುಟ್ಟಿದಾಗ ಅವಸರದಿಂದ ಮುಟ್ಟಿತು. ಫೆಬ್ರವರಿಯಲ್ಲಿ ಚೀನದ ಪೊಟ್ಟಣಗಳ ವಿನಾಯಿತಿಯನ್ನು ರದ್ದುಪಡಿಸಿದ ಒಡನೆಯೇ ಅಲ್ಲಿಯ ಅಂಚೆ ಇಲಾಖೆ ಚೀನ ಮತ್ತು ಹಾಂಗ್‌ಕಾಂಗ್ ಪಾರ್ಸೆಲ್‌ಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿ, ಮರುದಿನವೇ ಆ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಬಂದ ಪೊಟ್ಟಣಗಳನ್ನು ಎಣಿಸಿ ಸುಂಕ ನಿರ್ಧರಿಸುವ ಏರ್ಪಾಡೇ ಇಲ್ಲದ್ದರಿಂದ ರದ್ದತಿಯೂ ಮುಂದಕ್ಕೆ ಹೋಯಿತು. 1938ರ ತರ್ಕ ಇನ್ನೂ ಸತ್ತಿರಲಿಲ್ಲ. ಮೇ 2ರಿಂದ ಚೀನಕ್ಕೆ, ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ವಿನಾಯಿತಿ ನಿಂತಿತು. ಅಂಚೆಯ ಸರಕಿಗೆ ಎರಡು ಬಗೆಯ ವಸೂಲಿಯನ್ನು ಗೊತ್ತುಮಾಡಲಾಗಿತ್ತು. ಮೌಲ್ಯದ ಮೇಲೆ ಶೇಕಡಾವಾರು ಸುಂಕ ಒಂದು. ಮೊದಲ ಆರು ತಿಂಗಳ ಮಟ್ಟಿಗೆ, ಕಳುಹಿಸಿದ ದೇಶಕ್ಕೆ ಅನ್ವಯವಾಗುವ ಸುಂಕದ ದರವನ್ನು ನೋಡಿ ಪೊಟ್ಟಣವೊಂದಕ್ಕೆ 80, 160 ಅಥವಾ 200 ಡಾಲರ್ ಎಂಬ ಇಡಿಗಂಟು ಇನ್ನೊಂದು. ಒಳಗೇನಿದೆ ಎಂದು ನೋಡದೆ ಹೇರಿಗೆ ಇಷ್ಟು ಎಂದು ಕೇಳುವ ಹಳೆಯ ಸುಂಕದ ಕಟ್ಟೆಯ ಕ್ರಮ ಇದರಲ್ಲಿ ಮರಳಿತ್ತು. ಆದರೆ ಹಳೆಯ ಕಟ್ಟೆಯಲ್ಲಿ ಹೇರು ದೊಡ್ಡದಾಗಿರುತ್ತಿತ್ತು. 20 ಡಾಲರಿನ ಗೊಂಬೆಗೆ 200 ಡಾಲರ್ ಕೇಳಬಹುದಾದ ನಿಯಮವನ್ನು ಸುಂಕವೆನ್ನುವುದಕ್ಕಿಂತ ಬಾಗಿಲು ಮುಚ್ಚುವಿಕೆ ಎನ್ನುವುದೇ ಸರಿ.

ಬಾಗಿಲು ಮುಚ್ಚಿದಂತೆಯೇ ಆಯಿತು. ವಿಶ್ವ ಅಂಚೆ ಒಕ್ಕೂಟದ ಪ್ರಕಟಣೆಯಂತೆ 88 ಅಂಚೆ ಸಂಸ್ಥೆಗಳು ಅಮೆರಿಕದ ಸೇವೆಯನ್ನು ಪೂರ್ತಿಯಾಗಿ ಅಥವಾ ಭಾಗಶಃ ನಿಲ್ಲಿಸಿದವು. ಆಗಸ್ಟ್ 29ರಂದು ಅಮೆರಿಕಕ್ಕೆ ಹೋದ ಅಂಚೆ ಹಿಂದಿನ ವಾರದ ಅದೇ ದಿನಕ್ಕಿಂತ ಶೇ. 81ರಷ್ಟು ಕುಸಿಯಿತು. ಭಾರತೀಯ ಅಂಚೆ ಆಗಸ್ಟ್ 25ರಿಂದ ಕಾಗದಪತ್ರ ಮತ್ತು 100 ಡಾಲರಿನೊಳಗಿನ ಉಡುಗೊರೆಗಳನ್ನು ಉಳಿದು ಮಿಕ್ಕ ಸರಕುಗಳ ಸ್ವೀಕಾರವನ್ನು ನಿಲ್ಲಿಸಿ, ತಿಂಗಳ ಕೊನೆಗೆ ಅವನ್ನೂ ನಿಲ್ಲಿಸಿತು. ಕಾರಣ ಸರಳವಾಗಿತ್ತು. ಸುಂಕವನ್ನು ಯಾರು ಎಣಿಸಬೇಕು, ಯಾರು ವಸೂಲು ಮಾಡಬೇಕು, ಯಾರ ಮೂಲಕ ಕಟ್ಟಬೇಕು ಎಂಬುದು ಆಜ್ಞೆ ಜಾರಿಗೆ ಬಂದ ದಿನಕ್ಕೂ ಇತ್ಯರ್ಥವಾಗಿರಲಿಲ್ಲ. ವಿಮಾನಗಳ ಸಂಸ್ಥೆಗಳು ಅಂಚೆಚೀಲಗಳನ್ನು ಹೇರಿಕೊಳ್ಳಲು ಹಿಂದೆಗೆದವು.

ಈ ಬೆಳವಣಿಗೆಯಲ್ಲಿ ಯಾರನ್ನು ಗುರಿಯಿಟ್ಟು ಹೊಡೆಯಲಾಯಿತು, ಪೆಟ್ಟು ಯಾರಿಗೆ ತಗುಲಿತು ಎಂಬುದನ್ನು ಬೇರೆಬೇರೆಯಾಗಿ ನೋಡಬೇಕಾಗುತ್ತದೆ. ಟೆಮು ಮೊದಲಾದ ದೊಡ್ಡ ಮಳಿಗೆಗಳು ಅಮೆರಿಕದಲ್ಲಿಯೇ ಉಗ್ರಾಣಗಳನ್ನು ಮಾಡಿಕೊಂಡು ಹಡಗಿನಲ್ಲಿ ಸಗಟು ಸರಕನ್ನು ಇಳಿಸಿಕೊಳ್ಳಬಲ್ಲವು. ಸುಂಕದ ಲೆಕ್ಕಕ್ಕೆ ಅವುಗಳಲ್ಲಿ ನೌಕರರಿದ್ದಾರೆ, ದಲ್ಲಾಳಿಗಳಿದ್ದಾರೆ. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿ ಚನ್ನಪಟ್ಟಣದ ಗೊಂಬೆ ಮಾಡುವವರ ಸರಕನ್ನು ತಿಂಗಳಿಗೆ ಹತ್ತಿಪ್ಪತ್ತು ಪೊಟ್ಟಣಗಳಂತೆ ಅಮೆರಿಕದ ಗಿರಾಕಿಗಳಿಗೆ ಕಳುಹಿಸುವ ಸಣ್ಣ ಮಾರಾಟಗಾರನಿಗೆ ಅಂಚೆಯೊಂದೇ ದಾರಿ. ಖಾಸಗಿ ಕೊರಿಯರಿನ ದರ ಎಷ್ಟೋ ವೇಳೆ ಗೊಂಬೆಯ ಬೆಲೆಯನ್ನೇ ಮೀರುತ್ತದೆ. ಇಂಥವರಿಗಾಗಿಯೇ ಭಾರತೀಯ ಅಂಚೆ 2022ರಿಂದೀಚೆಗೆ ಡಾಕ್ ಘರ್ ನಿರ್ಯಾತ್ ಕೇಂದ್ರಗಳನ್ನು ತೆರೆದು ರಫ್ತಿಗೆ ಪ್ರೋತ್ಸಾಹ ನೀಡುತ್ತಿದ್ದ ಹೊತ್ತಿನಲ್ಲಿ ಈ ತಡೆ ಬಂತು. ಚೀನದ ಅಂಗಿಗೂ ಚನ್ನಪಟ್ಟಣದ ಗೊಂಬೆಗೂ ನಿಯಮ ವ್ಯತ್ಯಾಸವನ್ನು ಕಾಣಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂಬುದು ಕನ್ನಡದ ಹಳೆಯ ಗಾದೆ. ಇಲ್ಲಿ ಹೇಳಿಕೊಳ್ಳೋಣವೆಂದರೆ ಸುಂಕದವನೇ ಎದುರಿಗಿರಲಿಲ್ಲ.

ಭಾರತೀಯ ಅಂಚೆಯ ಅಮೆರಿಕ ಸೇವೆ 2025ರ ಅಕ್ಟೋಬರ್ 15ರಂದು ಪುನರಾರಂಭವಾಯಿತು. ಘೋಷಿತ ಮೌಲ್ಯದ ಶೇ. 50ರಷ್ಟನ್ನು ಅಮೆರಿಕದ ಸುಂಕವಾಗಿ, ಸರಕನ್ನು ಕೊಡುವಾಗಲೇ ಭಾರತದ ಅಂಚೆ ಕಚೇರಿಯಲ್ಲಿ ಕಳುಹಿಸುವವರಿಂದ ಪಡೆದು, ಅಮೆರಿಕದ ಸುಂಕ ಇಲಾಖೆ ಮಾನ್ಯಮಾಡಿದ ಮಧ್ಯವರ್ತಿಗಳ ಮೂಲಕ ಕಟ್ಟುವ ಏರ್ಪಾಡು ಆಗ ಜಾರಿಗೆ ಬಂತು. ಪೊಟ್ಟಣದ ಚೀಟಿಯನ್ನೇ ಘೋಷಣೆಯೆಂದು ಭಾವಿಸುತ್ತಿದ್ದ 82ನೆಯ ಕಲಮು 2017ರಲ್ಲಿಯೇ ಕಾಯಿದೆಯಿಂದ ಮರೆಯಾಗಿತ್ತು. 2018ರಲ್ಲಿ ಅಂಚೆ ರಫ್ತಿನ ಪ್ರತ್ಯೇಕ ಬಿಲ್ಲು, 2022ರಲ್ಲಿ ಅದರ ವಿದ್ಯುನ್ಮಾನ ರೂಪ ಬಂದಿದ್ದವು. ಇದರಿಂದಾಗಿ ಶೇ. 50ರ ಆ ದರ ಜಾರಿಯಲ್ಲಿದ್ದಷ್ಟು ಕಾಲ ಭಾರತದ ಅಂಚೆ ಗುಮಾಸ್ತರು ಅಮೆರಿಕದ ಬೊಕ್ಕಸಕ್ಕೆ ಸಲ್ಲಬೇಕಾದ ಸುಂಕವನ್ನು ರೂಪಾಯಿಯಲ್ಲಿ ಎಣಿಸಿ ರಸೀತಿ ಬರೆಯುತ್ತಿದ್ದರು.